ಎರೆಮಣ್ಣಿನ ತೇವ ಮತ್ತು ನಕ್ಷೆಯ ಆಯಾಮಗಳು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬದುಕುವುದು ಸೆಪ್ಟೆಂಬರಿನಲ್ಲಿ ಮಣ್ಣು ಹಿಡಿದಿಟ್ಟ ತೇವದ ಮೇಲೆ. ವರ್ಷವಿಡೀ ಸುಮಾರು 600 ಮಿ.ಮೀ. ಮಳೆಯ ನಾಡದು, ನಮ್ಮ ಮಲೆನಾಡಿನ ಜುಲೈ ಒಂದೇ ಅದನ್ನು ಮೀರಿಸುವುದುಂಟು.

ಅಂತಹ ಹೊಲದಲ್ಲಿ 15, 30, 60, 90 ಸೆಂ.ಮೀ. ಆಳಗಳಲ್ಲಿ ತೇವಸಂವೇದಕಗಳನ್ನು ಹೂಳಿ ದತ್ತಾಂಶ ಸಂಗ್ರಾಹಕಕ್ಕೆ ಜೋಡಿಸಿದರೆ ಗಂಟೆಗೊಮ್ಮೆ ಅಂಕಿ ಬರುತ್ತದೆ. ಕಾಲ, ಆಳ, ತೇವ ಎಂಬ ಮೂರು ಆಯಾಮ, ಕಾಗದಕ್ಕಿರುವುದು ಎರಡೇ. ತಂತ್ರಾಂಶವು ನಾಲ್ಕೂ ಆಳಗಳ ಸರಾಸರಿ ತೆಗೆದು ಒಂದೇ ಗೆರೆ ಎಳೆದರೆ ಮೋಸವಾಗುತ್ತದೆ. ಅಕಾಲದ ಸಣ್ಣ ಮಳೆ ಮೇಲ್ಪದರವನ್ನು ನೆನೆಸಿದರೆ ಸಾಕು, ಗೆರೆ ಏರುತ್ತದೆ. ಕೆಳಗೆ ಬೇರಿನ ಸುತ್ತ ಮಣ್ಣು ಒಣಗಿಯೇ ಇರುತ್ತದೆ.

ಆದುದರಿಂದ ಕಾಲವನ್ನು ಅಡ್ಡಲಾಗಿ, ಆಳವನ್ನು ಮಣ್ಣಿನಲ್ಲಿರುವಂತೆಯೇ ಮೇಲಿನಿಂದ ಕೆಳಕ್ಕೆ ಇರಿಸಿ, ತೇವವನ್ನು ಒಂದೇ ಬಣ್ಣದ ಗಾಢತೆಯಿಂದ ತೋರಿಸುವುದು ಲೇಸು. ಕಾಮನಬಿಲ್ಲಿನ ಬಣ್ಣಗಳನ್ನೆಲ್ಲ ಬಳಿಯುವ ಚಪಲ ಬೇಡ. ಇಲ್ಲದ ಗಡಿಗಳು ಕಾಣತೊಡಗುತ್ತವೆ. ನಾಲ್ಕು ತಾಲ್ಲೂಕಿಗೆ ನಾಲ್ಕು ಚಿತ್ರಗಳಿರಲಿ, ಬಣ್ಣದ ಅಳತೆ ಮಾತ್ರ ಒಂದೇ ಇರಲಿ. ತಂತ್ರಾಂಶ ತಾನಾಗಿ ಚಿತ್ರಕ್ಕೊಂದು ಅಳತೆ ಹಾಕಿಕೊಂಡರೆ, ಕಾಲುವೆ ನೀರುಂಡ ಹೊಲವೂ ಬೆಂದ ಹೊಲವೂ ಸಮನಾಗಿ ಹಸಿಯೆನಿಸುತ್ತವೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಣ್ಣಿನ ತೇವವೂ ಬರದ ಸೂಚಕಗಳಲ್ಲೊಂದು. ಬೆಂದ ಹೊಲದ ರೈತ ಪರಿಹಾರ ಕೇಳಲು ಹೋದಾಗ ಅಧಿಕಾರಿಯ ಮುಂದೆ ಇಂತಹ ಚಿತ್ರವಿದ್ದರೆ ಆತನ ಗತಿಯೇನು?