ಕಾಫಿ ಬೀಜದೊಳಗೆ ಹೊಕ್ಕ ಅನಿಲ



ಗಿಡಮೂಲಿಕೆಗಳ ಸಾರ ತೆಗೆಯಲು ನಮ್ಮ ಹಿರಿಯರಿಗೆ ನೀರು, ಎಣ್ಣೆ, ತುಪ್ಪ ಸಾಕಾಗಿದ್ದವು. ಕಷಾಯ ಕುಡಿದವರು ಸಾರವನ್ನು ಕರಗಿಸಿ ತೆಗೆಯುವ ದ್ರಾವಕಕ್ಕೆ ಹೆದರಬೇಕಿರಲಿಲ್ಲ. ಆ ಹೆದರಿಕೆ ಹೇಗೆ ಬಂತು, ಹೇಗೆ ಕಡಿಮೆಯಾಯಿತು ಎಂಬುದನ್ನು ಕಾಫಿಯ ಚರಿತ್ರೆಯಲ್ಲಿ ನೋಡಬಹುದು.

1819ರಲ್ಲಿ ಜರ್ಮನಿಯ ಮಹಾಕವಿ ಗಯಟೆ ಒಂದಿಷ್ಟು ಕಾಫಿ ಬೀಜ ಕೊಟ್ಟು, ಅದರಲ್ಲಿ ಏನಿದೆಯೆಂದು ಹುಡುಕಲು ರುಂಗೆ ಎಂಬ ತರುಣ ರಸಾಯನಶಾಸ್ತ್ರಜ್ಞನಿಗೆ ಹೇಳಿದ. ಸಿಕ್ಕಿದ್ದು ಕೆಫೀನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರೆಮೆನ್ ನಗರದ ವರ್ತಕ ಲುಡ್ವಿಗ್ ರೊಸೇಲಿಯಸ್ ಕೆಫೀನ್ ತೆಗೆದ ಕಾಫಿಯನ್ನು ಮಾರುಕಟ್ಟೆಗೆ ತಂದ. ತೆಗೆಯಲು ಬಳಸಿದ್ದು ಬೆಂಜೀನ್! ಅದು ರಕ್ತದ ಕ್ಯಾನ್ಸರ್ ತರಬಲ್ಲದು ಎಂಬುದು ಖಚಿತವಾದದ್ದು ಆಮೇಲೆ. ಅದರ ಜಾಗಕ್ಕೆ ಬಂದ ಕ್ಲೋರಿನ್‌ಯುಕ್ತ ದ್ರಾವಕಗಳೂ ನೆಮ್ಮದಿ ತರಲಿಲ್ಲ.

ನನ್ನನ್ನು ಕಾಡುವ ಸಂಗತಿಯೆಂದರೆ, ಉತ್ತರ ಅಷ್ಟು ಹೊತ್ತಿಗಾಗಲೇ ಪುಸ್ತಕದಲ್ಲಿತ್ತು. 1869ರಲ್ಲಿ ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್, ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿದ ಇಂಗಾಲದ ಡೈಆಕ್ಸೈಡನ್ನು ಎಷ್ಟು ಒತ್ತಿದರೂ ಅದು ದ್ರವವಾಗದೆಂದು ತೋರಿಸಿದ್ದ. ಹತ್ತು ವರ್ಷದ ನಂತರ ಹ್ಯಾನೆ ಮತ್ತು ಹೋಗಾರ್ತ್, ಹೀಗೆ ಒತ್ತಿದರೂ ದ್ರವವಾಗದ ಸ್ಥಿತಿಗೆ ತಲುಪಿದ ವಸ್ತುಗಳು ಘನವಸ್ತುವನ್ನು ಕರಗಿಸುವುದನ್ನೂ, ಒತ್ತಡ ಇಳಿಸಿದೊಡನೆ ಕರಗಿದ್ದು ಹೊರಬೀಳುವುದನ್ನೂ ಕಂಡರು.

ಅದನ್ನು ಅಡುಗೆಮನೆಯವರೆಗೆ ತಂದವನು ಕುರ್ಟ್ ಝೋಸೆಲ್, 1960ರ ದಶಕದಲ್ಲಿ, ಜರ್ಮನಿಯ ಮ್ಯುಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ. ಹುರಿಯದ ಹಸಿರು ಬೀಜವನ್ನು ಒದ್ದೆ ಮಾಡಿ, ಭಾರೀ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹಾಯಿಸಿದ. ಅದು ಅನಿಲದಂತೆ ಬೀಜದೊಳಕ್ಕೆ ನುಗ್ಗಿ, ದ್ರವದಂತೆ ಕೆಫೀನನ್ನು ಕರಗಿಸಿಕೊಂಡು ಬಂತು. ಕೆಫೀನನ್ನು ನೀರಿಗೆ ಬಿಟ್ಟು, ಅದೇ ಅನಿಲ ಮತ್ತೆ ಬೀಜಕ್ಕೆ ಮರಳುತ್ತದೆ. ಬೀಜದಲ್ಲಿ ವಿಷದ ಶೇಷವಿಲ್ಲ. ಘಮವೂ ಹೆಚ್ಚು ಹೋಗದು, ಏಕೆಂದರೆ ಅದು ಹುಟ್ಟುವುದೇ ಹುರಿದಾಗ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲೂ ಈ ವಿಧಾನದ ಸಂಶೋಧನೆ ನಡೆದಿದೆ. ಕಾಫಿಗೆ ಒಗ್ಗಿದ ಈ ವಿಧಾನ ಮೆಣಸಿನಕಾಯಿಗೂ ಒಗ್ಗುತ್ತದೆ; ಆದರೂ ಅದರ ಸಾರ ತೆಗೆಯುವ ಉದ್ಯಮದಲ್ಲಿ ಪೆಟ್ರೋಲಿಯಂ ಮೂಲದ ಹೆಕ್ಸೇನ್ ಇನ್ನೂ ಬಳಕೆಯಲ್ಲಿದೆ. ಈ ಅನಿಲದಿಂದ ಖಾರವನ್ನು ಬಿಡಿಸುವುದು ಸುಲಭ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವ ಕೆಂಪು ಬಣ್ಣವನ್ನು ಬಿಡಿಸಲು ಇನ್ನೂ ಹೆಚ್ಚು ಒತ್ತಡ ಬೇಕು. ಅದನ್ನು ತಡೆಯುವ ಉಕ್ಕಿನ ಪಾತ್ರೆಗಳು ದುಬಾರಿ. ಸಣ್ಣ ಬೆಳೆಗಾರರು ಒಟ್ಟಾಗಿ ಇಂಥ ಘಟಕ ನಡೆಸಲು ಸರ್ಕಾರ ಬಂಡವಾಳ ಕೊಡಬೇಕೆಂಬುದು ನನ್ನ ಒತ್ತಾಯ.