ಕೊಪ್ಪರಿಗೆಯೂ ಕೆಮಿಸ್ಟನ ಕೆಲಸವೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಮುಂಬಯಿಯಲ್ಲಿ ಕೆಮಿಸ್ಟ್ ಎಂದರೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಔಷಧದ ಅಂಗಡಿ. ಕಾರಖಾನೆಯ ಕೆಮಿಸ್ಟನೇ ಬೇರೆ. ಬಣ್ಣ, ಸಾಬೂನು, ಗುಳಿಗೆಗಳನ್ನು ಟನ್ನುಗಟ್ಟಲೆ ಮಾಡುವಲ್ಲಿ ಕಚ್ಚಾ ಮಾಲು ಸರಿಯೇ, ಪಾಕ ಸರಿಯಾಗಿ ನಡೆದಿದೆಯೇ, ಹೊರಗೆ ಹೋಗುವ ಮಾಲನ್ನು ಒಪ್ಪಬಹುದೇ ಎಂದು ಹೇಳಬೇಕಾದವನು ಅವನು. ಆ ಕೆಲಸ ದೊಡ್ಡವರ ಮಕ್ಕಳಿಗೆ, ನಮ್ಮ ಹುಡುಗರಿಗೆ ಹೇಳಿದ್ದಲ್ಲ ಎಂಬ ಮಾತು ನಮ್ಮ ಖೋಲಿಗಳಲ್ಲಿ ಕೇಳಿಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ.

ಏಕೆಂದರೆ ಆ ವಿದ್ಯೆಯ ಕಠಿಣವಾದ ಪಾಠವೊಂದು ನಮಗೆ ಆಗಲೇ ಗೊತ್ತಿದೆ. ಹತ್ತು ಜನರ ಸಾಂಬಾರಿನ ಅಳತೆಯನ್ನು ಐವತ್ತರಿಂದ ಗುಣಿಸಿದರೆ ಐನೂರು ಜನರ ಸಾಂಬಾರು ಆಗುತ್ತದೆಯೇ? ಯಾವ ಭಟ್ಟರನ್ನಾದರೂ ಕೇಳಿ, ನಗುತ್ತಾರೆ. ಕೊಪ್ಪರಿಗೆಯ ಅನ್ನವನ್ನು ಹಾಗೆಯೇ ಮುಚ್ಚಿಟ್ಟರೆ ನಡುವಿನದು ಬಿಸಿ ಆರದೆ ಹಳಸುತ್ತದೆಂದು ಹರವಿ ಇಡುತ್ತೇವೆ. ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿದವರಿಗೂ ಗೊತ್ತು: ಲ್ಯಾಬಿನ ತುಂಡು ಬಟ್ಟೆಗೆ ಬಂದ ಬಣ್ಣ ಜಿಗ್ಗರಿನಲ್ಲಿ ಹಾಗೆಯೇ ಬರುವುದಿಲ್ಲ.

ಕೆಮಿಸ್ಟನ ಪಾಡೂ ಇದೇ. ಗಾಜಿನ ಬುರುಡೆಯಲ್ಲಿ ಸುಸೂತ್ರವಾಗಿ ನಡೆದ ಕ್ರಿಯೆ ದೊಡ್ಡ ಪಾತ್ರೆಯಲ್ಲಿ ಕೆರಳಬಹುದು. ಪಾತ್ರೆಯ ಉದ್ದ, ಅಗಲ, ಎತ್ತರ ಹತ್ತು ಪಟ್ಟಾದರೆ ಒಳಗಿನ ಮಾಲು 1000 ಪಟ್ಟು. ಶಾಖ ಹೊರಹೋಗುವ ಮೈ ಮಾತ್ರ 100 ಪಟ್ಟು. ಉಳಿದ ಶಾಖ ಎಲ್ಲಿಗೆ ಹೋಗಬೇಕು? ಸುತ್ತ ತಣ್ಣೀರು ಹರಿಸಬೇಕು, ಮಾಲನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು, ಕಲಕುತ್ತಲೇ ಇರಬೇಕು. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆಯ ಟ್ಯಾಂಕಿಗೆ ನೀರು ಸೇರಿ, ಮಿಥೈಲ್ ಐಸೋಸಯನೇಟ್ ಕಾದು ಊರಿಗೆ ನುಗ್ಗಿತು. ಅದನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದರು. ಸತ್ತವರು ಸಾವಿರಾರು, ಬಹುಪಾಲು ಗೋಡೆಯಾಚೆಯ ಬಡವರು. ಕೆಲಸ ನಿಲ್ಲಿಸಿ ಎಂದು ಮ್ಯಾನೇಜರರ ಎದುರಿಗೇ ಹೇಳಬೇಕಾದ ಆ ಕುರ್ಚಿಯಲ್ಲಿ ಕಾರ್ಮಿಕರ ಮನೆಯ ಮಕ್ಕಳೂ ಇರಲಿ ಎಂದು ನಾವು ಹೇಳುವುದು ಇದಕ್ಕೇ.

ಬರೇ ಪದವಿಯಿಂದ ಏರಲಾಗದು. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1887ರಲ್ಲಿ ಎಡಿನ್‌ಬರೋದಲ್ಲಿ ಡಾಕ್ಟರೇಟ್ ಪಡೆದವರು. ಅಂಥವರು ಕಲಕತ್ತೆಯ ಬಾಡಿಗೆ ಮನೆಯಲ್ಲಿ ದನದ ಎಲುಬು ಸುಟ್ಟು ಫಾಸ್ಫೇಟ್ ತೆಗೆದರು! 1892ರ ಆ ಉದ್ಯೋಗವೇ 1901ರಲ್ಲಿ ಬೆಂಗಾಲ್ ಕೆಮಿಕಲ್ ಕಂಪೆನಿಯಾಯಿತು. ರಾತ್ರಿ ಪಾಳಿಗೆ ಬೇಸರಿಸಬಾರದು. ತಾಸುತಾಸಿಗೆ ಉಷ್ಣತೆ ಬರೆದಿಡಬೇಕು. ತಪ್ಪು ಅಂಕಿಯನ್ನು ಅಳಿಸದೆ, ಅಡ್ಡಗೆರೆ ಎಳೆದು ಸಹಿ ಹಾಕಬೇಕು. ಹಳೆಯ ಆಪರೇಟರನ ಮಾತಿಗೆ ಕಿವಿಗೊಡಬೇಕು. ಪುಸ್ತಕದಲ್ಲಿ ಇಲ್ಲದ್ದು ಅವನ ಮೂಗಿಗೆ ಗೊತ್ತಿರುತ್ತದೆ.

ಇನ್ನು ದಾರಿ. ಹತ್ತನೆಯದನ್ನು ವಿಜ್ಞಾನ, ಗಣಿತ ಸಹಿತ ಪಾಸಾದವರಿಗೆ ಐ.ಟಿ.ಐ.ಯಲ್ಲಿ ಕೆಮಿಕಲ್ ಪ್ಲಾಂಟಿನ ಆಪರೇಟರ್, ಲ್ಯಾಬ್ ಅಸಿಸ್ಟೆಂಟ್ ತರಬೇತಿ 2 ವರ್ಷ. ಕೆಮಿಕಲ್ ಇಂಜಿನಿಯರಿಂಗ್ ಡಿಪ್ಲೊಮಾ 3 ವರ್ಷ. ಅಲ್ಲಿಂದ ಪದವಿಯ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಹನ್ನೆರಡನೆಯದನ್ನು ವಿಜ್ಞಾನದಲ್ಲಿ ಮುಗಿಸಿದರೆ ಬಿ.ಎಸ್ಸಿ., ಎಂ.ಎಸ್ಸಿ. ಇದೆ. ನಮ್ಮವರ ಇಡ್ಲಿ ಹೊಟೇಲುಗಳಿಗೆ ಹೆಸರಾದ ಮಾಟುಂಗದಲ್ಲೇ 1933ರಲ್ಲಿ ವಿಶ್ವವಿದ್ಯಾಲಯದ ವಿಭಾಗವಾಗಿ ಆರಂಭವಾದ ರಸಾಯನ ತಂತ್ರಜ್ಞಾನ ಸಂಸ್ಥೆಯಿದೆ. ಅದರ ಗೇಟಿನೆದುರು ಹಾದುಹೋಗುವ ನಮ್ಮಲ್ಲಿ ಒಳಗೆ ಏನು ಕಲಿಸುತ್ತಾರೆಂದು ಕೇಳಿದವರು ಕಡಿಮೆ.

ಈ ವರ್ಷ ಹತ್ತನೆಯದು ಬರೆದ ಹುಡುಗ ಹುಡುಗಿಯರ ಮನೆಯವರು ಅಂಕಪಟ್ಟಿ ಹಿಡಿದು ಸಂಘದ ಕಚೇರಿಗೆ ಬನ್ನಿ. ಅರ್ಜಿ ತುಂಬಲು ನಾವಿದ್ದೇವೆ. ಹುಡುಗನನ್ನು ಗಲ್ಲಾದಲ್ಲಿ ಕೂರಿಸುವ ಮಾತು ಆಮೇಲೆ ನೋಡೋಣ.