ಕಬ್ಬಿಣದ ಬಾಣಲೆಯ ಬ್ರೌನಿ



ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದ ದಾರಿ ಹಿಡಿದರೆ, ಇಲ್ಲವೇ ಸಂಜೆ ಹೊತ್ತು ಆರ್.ಟಿ. ನಗರದ ಒಳರಸ್ತೆಗಳಲ್ಲಿ ಸುತ್ತಿದರೆ, ಕಾಫಿ ಅಂಗಡಿಗಳ ತಿನಿಸಿನ ಪಟ್ಟಿಯಲ್ಲಿ ‘ಸ್ಕಿಲೆಟ್ ಬ್ರೌನಿ’ ಎಂಬ ಹೆಸರು ಕಣ್ಣಿಗೆ ಬೀಳುತ್ತದೆ. ಅಂಗೈಯಗಲದ ಕಪ್ಪು ಕಬ್ಬಿಣದ ಬಾಣಲೆ. ಅದರೊಳಗೆ ಅಂಚು ಗಟ್ಟಿಯಾಗಿ, ನಡುವೆ ಹಲ್ವದಂತೆ ಮೆತ್ತಗಿರುವ ಚಾಕೊಲೇಟ್ ತಿನಿಸು. ಮೇಲೊಂದು ಉಂಡೆ ಐಸ್‌ಕ್ರೀಂ. ಬೆಲೆ ಕೇಳಿದ ಹಿರಿಯರು ಹುಬ್ಬೇರಿಸುತ್ತಾರೆ. ‘ಅಮೆರಿಕದವರ ಶೋಕಿ, ನಮಗೇಕೆ?’ ಎನ್ನುವವರೂ ಉಂಟು. ಹೆಸರು ಅಮೆರಿಕದ್ದೇ, ಅನುಮಾನವಿಲ್ಲ. ಆದರೆ ಒಳಗೆ ಬೀಳುವ ಕೋಕೋ, ಕೆಳಗಿರುವ ಕಬ್ಬಿಣ, ಇವೆರಡನ್ನೂ ಕೂಡಿಸುವ ಹದ ಇವನ್ನು ಬಿಡಿಸಿ ನೋಡಿದರೆ ನಮ್ಮ ನಾಡಿನ ಕಥೆಯೇ ಹೆಚ್ಚು ಸಿಗುತ್ತದೆ. ಕೋಕೋದ ಕಥೆಯಲ್ಲಂತೂ ಕರಾವಳಿಯ ರೈತರ ಅನ್ನದ ಪ್ರಶ್ನೆಯೇ ಇದೆ.

ಮೊದಲು ಹೆಸರಿನ ಪೂರ್ವೋತ್ತರ. ಷಿಕಾಗೋ ನಗರದಲ್ಲಿ 1893ರಲ್ಲಿ ದೊಡ್ಡ ವಿಶ್ವ ಪ್ರದರ್ಶನವೊಂದು ನಡೆಯಿತು. ಅದರ ಮಹಿಳಾ ಮಂಡಳಿಯ ಅಧ್ಯಕ್ಷೆ ಬರ್ತಾ ಪಾಮರ್, ಊಟದ ಡಬ್ಬಿಯಲ್ಲಿಟ್ಟು ಕೈಯಲ್ಲೇ ತಿನ್ನಬಹುದಾದ ಸಿಹಿಯೊಂದನ್ನು ಮಾಡಿಕೊಡುವಂತೆ ತಮ್ಮ ಮನೆತನದ ಪಾಮರ್ ಹೌಸ್ ಹೋಟೆಲಿನ ಅಡುಗೆಯವರಿಗೆ ಹೇಳಿದರಂತೆ. ಅದೇ ಮೊದಲ ಬ್ರೌನಿ ಎಂಬುದು ಆ ಹೋಟೆಲಿನವರ ಹೆಮ್ಮೆ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಇದೇ ಪ್ರದರ್ಶನದ ಸಂದರ್ಭದಲ್ಲಿ. ಅದರ ಹಿಂದಿನ ವರ್ಷವಷ್ಟೇ ಅವರು ಬೆಂಗಳೂರು, ಮೈಸೂರುಗಳಿಗೆ ಬಂದು ಹೋಗಿದ್ದರು. ಇನ್ನು ಪುಸ್ತಕದ ಸಾಕ್ಷ್ಯ ಬೇರೆಯೇ ಮಾತು ಹೇಳುತ್ತದೆ. ಫ್ಯಾನಿ ಫಾರ್ಮರ್ ಎಂಬ ಅಡುಗೆ ಶಿಕ್ಷಕಿ 1896ರಲ್ಲಿ ಹೊರತಂದ ಪುಸ್ತಕದಲ್ಲಿ ಬ್ರೌನಿ ಇದೆ, ಆದರೆ ಅದರಲ್ಲಿ ಚಾಕೊಲೇಟೇ ಇಲ್ಲ. ಕಾಕಂಬಿ ಹಾಕಿ ಪುಟ್ಟ ಅಚ್ಚುಗಳಲ್ಲಿ ಬೇಯಿಸಿದ ಕೇಕು ಅದು. ಅದೇ ಪುಸ್ತಕದ 1906ರ ಆವೃತ್ತಿಯಲ್ಲಿ ಚಾಕೊಲೇಟ್ ಬ್ರೌನಿ ಕಾಣಿಸಿಕೊಳ್ಳುತ್ತದೆ. ಗೃಹಿಣಿಯೊಬ್ಬಳು ಕೇಕಿಗೆ ಬೇಕಿಂಗ್ ಪೌಡರ್ ಹಾಕಲು ಮರೆತಳು, ಕೇಕು ಉಬ್ಬದೆ ಬ್ರೌನಿಯಾಯಿತು ಎಂಬ ಕಥೆಯೂ ಚಾಲ್ತಿಯಲ್ಲಿದೆ. ಇದು ಕಟ್ಟುಕಥೆಯೇ ಸರಿ. ಆದರೂ ಅದರಲ್ಲೊಂದು ತಥ್ಯ ಅಡಗಿದೆ. ಉಬ್ಬಬಾರದ್ದು ಬ್ರೌನಿಯ ಲಕ್ಷಣ.

ಬೆಂಗಳೂರಿಗೆ ಬೇಕರಿಯ ರುಚಿ ಹೊಸದಲ್ಲ. ಚಿಕ್ಕಪೇಟೆಯ ಬಿ.ಬಿ. ಬೇಕರಿಯ ಆರಂಭ 1898ರದೆಂದು ಹೇಳುತ್ತಾರೆ. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಮನೆತನಗಳು ಮೊಟ್ಟೆ ಸೋಂಕಿಸದೆ ಬ್ರೆಡ್ಡು, ಬನ್ನು, ಕೇಕುಗಳನ್ನು ಸುಟ್ಟು ಕೊಟ್ಟಿದ್ದರಿಂದಲೇ ಮಡಿವಂತರ ಮನೆಗಳಿಗೂ ಬೇಕರಿ ತಿನಿಸು ಹೊಕ್ಕಿತು. ಉತ್ತರ ಬೆಂಗಳೂರಿಗೆ ಇನ್ನೊಂದು ಹೆಗ್ಗಳಿಕೆ ಇದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಕೃಷಿ ಪ್ರಯೋಗ ಕ್ಷೇತ್ರವಾಗಿ ಆರಂಭವಾದ ಹೆಬ್ಬಾಳದ ನೆಲದಲ್ಲೇ, ಮುಂದೆ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರವೂ ಬಂತು. ಸ್ವಂತ ಬೇಕರಿ ತೆರೆಯಬೇಕೆಂಬ ಯುವಕರೂ ಬಿಡುವಿನಲ್ಲಿ ಕೇಕು ಕಲಿಯಬೇಕೆಂಬ ಗೃಹಿಣಿಯರೂ ಅಲ್ಲಿ ಹಿಟ್ಟು ನಾದಿದ್ದಾರೆ. 1982ರಲ್ಲಿ ಶುರುವಾದ ಕಾರ್ನರ್ ಹೌಸ್ ಐಸ್‌ಕ್ರೀಂ ಅಂಗಡಿ, ಕೇಕಿನ ತುಂಡು, ಐಸ್‌ಕ್ರೀಂ, ಬಿಸಿ ಚಾಕೊಲೇಟ್ ರಸ ಮೂರನ್ನೂ ಒಂದೇ ಲೋಟದಲ್ಲಿ ಬೆರೆಸಿ ‘ಡೆತ್ ಬೈ ಚಾಕೊಲೇಟ್’ ಎಂಬ ಭಯಂಕರ ಹೆಸರಿಟ್ಟು ಊರಿಗೇ ರುಚಿ ಹತ್ತಿಸಿತು. ಬಿಸಿಯ ಮೇಲೆ ತಣ್ಣನೆಯದನ್ನು ತಿನ್ನುವ ಚಪಲ ಇಲ್ಲಿನವರಿಗೆ ಆಗಲೇ ಅಂಟಿತ್ತು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಹೋಟೆಲುಗಳಲ್ಲಿ ಹೊಗೆಯಾಡುತ್ತಾ ಚುರ್ರೆನ್ನುತ್ತಾ ಬರುವ ‘ಸಿಜ್ಲಿಂಗ್ ಬ್ರೌನಿ’ ಬೇರೆ, ಬಾಣಲೆಯಲ್ಲೇ ಬೆಂದ ಬ್ರೌನಿ ಬೇರೆ. ಮೊದಲಿನದರಲ್ಲಿ ಬ್ರೌನಿ ಎಲ್ಲೋ ಬೆಂದು ಕಪಾಟಿನಲ್ಲಿ ಕೂತಿರುತ್ತದೆ. ಕಾದ ಕಬ್ಬಿಣದ ತಟ್ಟೆಯ ಮೇಲಿಟ್ಟು ಚಾಕೊಲೇಟ್ ರಸ ಸುರಿದಾಗ ರಸದೊಳಗಿನ ನೀರು ಒಮ್ಮೆಗೇ ಆವಿಯಾಗುವ ಸದ್ದು ಅದು. 1960ರ ದಶಕದಲ್ಲಿ ಮುಂಬೈ ಹೋಟೆಲುಗಳು ರೂಢಿಗೆ ತಂದ ‘ಸಿಜ್ಲರ್’ ಊಟದ ಸಿಹಿ ತಮ್ಮ ಎನ್ನಬಹುದು. ತಮಾಷೆಗೆ ಚೆನ್ನ. ಆದರೆ ಎರಡು ನಿಮಿಷದಲ್ಲಿ ಸಕ್ಕರೆ ತಳ ಹಿಡಿದು ಕಹಿಯಾಗುತ್ತದೆ.

ಈಗ ಕೋಕೋದ ಮಾತು. ಪುತ್ತೂರು, ಸುಳ್ಯ, ಬಂಟ್ವಾಳ, ಗಡಿಯಾಚೆಯ ಕಾಸರಗೋಡುಗಳ ಅಡಕೆ ತೋಟಗಳಿಗೆ ಹೋದವರು ಈ ಮರ ನೋಡಿರುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ‘ಕೊಕ್ಕೋ’. ನೆರಳು ಬೇಡುವ ಮರ. ಅಡಕೆ ಮರಗಳ ನಡುವೆ ಹಾಯಾಗಿ ಬೆಳೆಯುತ್ತದೆ. ಹಲಸಿನ ಹಾಗೆ ಕಾಂಡಕ್ಕೂ ದಪ್ಪ ಕೊಂಬೆಗೂ ನೇರವಾಗಿ ಕಾಯಿ ಕಟ್ಟುತ್ತದೆ. ಕಾಯಿ ಒಡೆದರೆ ಬಿಳಿ ಲೋಳೆ ಸುತ್ತಿಕೊಂಡ ಬೀಜಗಳು. ಆ ಲೋಳೆ ಸಿಹಿಯಾದ್ದರಿಂದ ಮಂಗ, ಅಳಿಲು, ಇಲಿಗಳಿಗೆ ರೈತನಿಗಿಂತ ಮೊದಲೇ ಸುದ್ದಿ ಮುಟ್ಟುತ್ತದೆ. ಬೀಜಕ್ಕೆ ಹಸಿಯಿದ್ದಾಗ ಚಾಕೊಲೇಟಿನ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಐದಾರು ದಿನ ರಾಶಿ ಹಾಕಿ ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲೆಯೇ ಆ ಪರಿಮಳ. ದೋಸೆ ಹಿಟ್ಟಿಗೆ ಹುಳಿ ಬಂದಂತೆಯೇ ಇದು, ಆದರೆ ಮನೆಮಟ್ಟದಲ್ಲಿ ಹತ್ತು ಹದಿನೈದು ಕಿಲೋ ಬೀಜವಿಟ್ಟುಕೊಂಡು ಸರಿಯಾಗಿ ಮಾಡುವುದು ಕಷ್ಟ. ಆದ್ದರಿಂದ ಬೆಳೆಗಾರ ಹಸಿ ಬೀಜವನ್ನೇ ಮಾರುತ್ತಾನೆ. ಹಸಿ ಬೀಜವನ್ನು ಅಡಕೆಯಂತೆ ಅಟ್ಟದಲ್ಲಿಟ್ಟು ಬೆಲೆ ಬರುವ ತನಕ ಕಾಯುವಂತಿಲ್ಲ. ಕೊಳ್ಳುವವನು ಬಾರದಿದ್ದರೆ ಅದು ಗೊಬ್ಬರ.

1980ರ ಸುಮಾರಿಗೆ ಆದದ್ದು ಇದೇ. ಕ್ಯಾಡ್ಬರಿ ಕಂಪನಿ 1965ರಲ್ಲಿ ವಯನಾಡಿನಲ್ಲಿ ಕೋಕೋ ಕೃಷಿಗೆ ನಾಂದಿ ಹಾಡಿತ್ತು. ಎಪ್ಪತ್ತರ ದಶಕದಲ್ಲಿ ದಕ್ಷಿಣ ಕನ್ನಡದವರೂ ಆಸೆಯಿಂದ ಸಸಿ ನೆಟ್ಟರು; ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರವೂ ಅಡಕೆಯ ನಡುವೆ ಕೋಕೋ ಬೆಳೆಯುವ ಕ್ರಮವನ್ನು ಅಭ್ಯಾಸ ಮಾಡಿತು. ಗಿಡಗಳು ಫಲ ಕೊಡುವ ಹೊತ್ತಿಗೆ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು, ಖರೀದಿ ನಿಂತುಹೋಯಿತು. ನೆಟ್ಟ ಕೈಯಿಂದಲೇ ಗಿಡ ಕಡಿದವರಿದ್ದಾರೆ. ಆಗ ಮುಂದೆ ಬಂದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಕೆ ಬೆಳೆಗಾರರಿಗಾಗಿ ಹುಟ್ಟಿದ ಈ ಸಹಕಾರಿ ಸಂಸ್ಥೆ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ರೈತರಿಂದ ಕೋಕೋ ಕೊಳ್ಳತೊಡಗಿತು. ಕೊಂಡದ್ದನ್ನು ಏನು ಮಾಡುವುದು? ಚಾಕೊಲೇಟನ್ನೇ ಮಾಡಿದರಾಯಿತು ಎಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿತು. 1986ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್. ಅಡಕೆ ಮಾರುವವರು ಚಾಕೊಲೇಟ್ ಮಾಡುವುದೆಂದರೆ ಹುಡುಗಾಟವೆಂದು ನಕ್ಕವರಿಗೆ ಆ ಕಾರ್ಖಾನೆಯೇ ಉತ್ತರವಾಯಿತು.

ಅಂದು ಗಿಡ ಉಳಿಸಿಕೊಂಡವರ ಮಕ್ಕಳು 2024ರಲ್ಲಿ ವಿಚಿತ್ರ ನೋಡಿದರು. ಪ್ರಪಂಚದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಹವೆ ಕೆಟ್ಟು, ರೋಗ ತಗುಲಿ ಬೆಳೆ ನೆಲ ಕಚ್ಚಿತು. ಟನ್ನಿಗೆ ಎರಡು ಮೂರು ಸಾವಿರ ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಹತ್ತು ಸಾವಿರ ದಾಟಿತು. ಕರಾವಳಿಯ ತೋಟಗಳಲ್ಲೂ ಹಸಿ ಬೀಜಕ್ಕೆ ಹಿಂದೆಂದೂ ಕಾಣದ ಧಾರಣೆ ಬಂತು. 2025ರಲ್ಲಿ ಬೆಲೆ ಮತ್ತೆ ಇಳಿಮುಖವಾಯಿತು.

ಬೆಲೆ ಏರಿದಾಗ ಬೇಕರಿಯವರು ಏನು ಮಾಡುತ್ತಾರೆ ಎಂಬುದು ಗಿರಾಕಿ ತಿಳಿಯಬೇಕಾದ ಸಂಗತಿ. ಕೋಕೋ ಬೀಜದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. ಅದೇ ಕೋಕೋ ಬೆಣ್ಣೆ. ಮೈಯ ಕಾವಿಗೇ ಕರಗುವ ಗುಣ ಅದರದು, ಆದ್ದರಿಂದಲೇ ಚಾಕೊಲೇಟ್ ನಾಲಿಗೆಯ ಮೇಲೆ ಇಳಿಯುವುದು. ಇದನ್ನು ತೆಗೆದು ಅಗ್ಗದ ಸಸ್ಯ ಕೊಬ್ಬು, ಹೆಚ್ಚಾಗಿ ತಾಳೆ ಜಾತಿಯದು, ತುಂಬಿದರೆ ಅದಕ್ಕೆ ‘ಕಾಂಪೌಂಡ್’ ಎಂದು ಹೆಸರು. ಬಿಸಿಲಿಗೆ ಬೇಗ ಕರಗದು, ಕೈಗೆ ಅಂಟದು, ಬೆಲೆಯೂ ಕಡಿಮೆ. ಆದರೆ ಅಂಗಳಕ್ಕೆ ಮೇಣ ಹತ್ತಿದಂತಿರುತ್ತದೆ. ನಮ್ಮ ಆಹಾರ ಕಾನೂನಿನ ಪ್ರಕಾರ ಚಾಕೊಲೇಟ್ ಎನ್ನಿಸಿಕೊಳ್ಳುವ ಪದಾರ್ಥದಲ್ಲಿ ಕೋಕೋ ಬೆಣ್ಣೆಯಲ್ಲದ ಸಸ್ಯ ಕೊಬ್ಬು ನೂರಕ್ಕೆ 5 ಭಾಗ ಮೀರುವಂತಿಲ್ಲ. ಅಂಗಡಿಯಲ್ಲಿ ಚಪ್ಪಡಿ ಕೊಳ್ಳುವಾಗ ಹಿಂಬದಿಯ ಸಣ್ಣಕ್ಷರ ಓದಿ. ಪಟ್ಟಿಯ ಆರಂಭದಲ್ಲೇ ಸಕ್ಕರೆ ಮತ್ತು ಸಸ್ಯ ಕೊಬ್ಬು ಇದ್ದರೆ ಅದು ಕಾಂಪೌಂಡ್. ಕೋಕೋ ಬೆಣ್ಣೆ ಇದ್ದರೆ ಚಾಕೊಲೇಟ್. ಬಾಣಲೆ ಎಷ್ಟೇ ಒಳ್ಳೆಯದಿರಲಿ, ಕಾಂಪೌಂಡಿನಿಂದ ಒಳ್ಳೆಯ ಬ್ರೌನಿ ಬಾರದು. ಬ್ರೌನಿಯ ಹಲ್ವದಂಥ ಗುಣವೆಲ್ಲ ಕೊಬ್ಬಿನಿಂದ ಬಂದದ್ದು ತಾನೇ?

ಇನ್ನು ಬಾಣಲೆ. ಸ್ಕಿಲೆಟ್ ಎಂದರೆ ಮತ್ತೇನಲ್ಲ, ತಳ ಸಪಾಟಾಗಿ, ಅಂಚು ಎರಡು ಬೆರಳು ಎತ್ತರವಿದ್ದು, ಹಿಡಿ ಇರುವ ಎರಕದ ಕಾವಲಿ. ಈ ಕಬ್ಬಿಣಕ್ಕೆ ನಮ್ಮಲ್ಲಿ ಬೀಡು ಎಂಬ ಹೆಸರಿದೆ. ಯಲಹಂಕದವರಿಗೆ ಎರಕದ ವಿಷಯ ಹೊಸದಾಗಿ ಹೇಳಬೇಕಿಲ್ಲ. 1984ರಿಂದ ಅಲ್ಲಿನ ಗಾಲಿ ಕಾರ್ಖಾನೆ ರೈಲಿನ ಗಾಲಿಗಳನ್ನು ಎರಕ ಹೊಯ್ಯುತ್ತಿದೆ. ಅದು ಉಕ್ಕು. ಬಾಣಲೆಯ ಬೀಡಿನಲ್ಲಿ ಇಂಗಾಲದ ಅಂಶ ಅದಕ್ಕಿಂತ ಹೆಚ್ಚು, ಆದ್ದರಿಂದ ಕೆಳಗೆ ಬಿದ್ದರೆ ಬಗ್ಗದೆ ಒಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೀಡಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಹರಿಯಗೊಡುತ್ತದೆ. ಬೀಡು ನಿಧಾನ. ಆದರೆ ದಪ್ಪವಾಗಿ ತೂಕವಾಗಿರುವ ಕಾರಣ ಒಮ್ಮೆ ಕಾದರೆ ಕಾವನ್ನು ಬಿಟ್ಟುಕೊಡದು. ದೋಸೆ ಹೊಯ್ಯುವವರಿಗೆ ಇದು ಗೊತ್ತು. ತೆಳು ಹೆಂಚಿನ ಮೇಲೆ ಹಿಟ್ಟು ಬಿದ್ದ ಕೂಡಲೇ ಕಾವು ಇಳಿಯುತ್ತದೆ. ಬೀಡಿನ ಕಾವಲಿ ಜಗ್ಗುವುದಿಲ್ಲ. ಎಣ್ಣೆ ಸವರಿ, ಕಾಯಿಸಿ, ಈರುಳ್ಳಿ ಹೋಳಿನಿಂದ ತಿಕ್ಕಿ ಅದನ್ನು ಪಳಗಿಸುವ ಕ್ರಮವನ್ನು ನಾನ್‌ಸ್ಟಿಕ್ ಬಂದ ಮೇಲೆ ಅನೇಕರು ಮರೆತರು, ಅಜ್ಜಿಯ ಕಾವಲಿ ಗುಜರಿಗೆ ಹೋಯಿತು. ಈಗ ಅದೇ ಕಬ್ಬಿಣ ಇಂಗ್ಲಿಷ್ ಹೆಸರು ಹೊತ್ತು, ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಮರಳಿ ಬಂದಿದೆ, ಹತ್ತಾರು ಪಟ್ಟು ಬೆಲೆಗೆ.

ಮಾಡುವ ಕ್ರಮ ಸರಳ. ಎಂಟು ಅಂಗುಲದ ಬಾಣಲೆಗೆ ಬೆಣ್ಣೆ 120 ಗ್ರಾಂ, ಕಪ್ಪು ಚಾಕೊಲೇಟ್ 120 ಗ್ರಾಂ, ಸಕ್ಕರೆ 180 ಗ್ರಾಂ, ಮೊಟ್ಟೆ ಎರಡು, ಮೈದಾ 60 ಗ್ರಾಂ, ಕೋಕೋ ಪುಡಿ 25 ಗ್ರಾಂ, ಚಿಟಿಕೆ ಉಪ್ಪು. ಬೇಕಿಂಗ್ ಪೌಡರ್ ಬೇಡ. ಬಾಣಲೆಯಲ್ಲೇ ಸಣ್ಣ ಉರಿಯಲ್ಲಿ ಬೆಣ್ಣೆ, ಚಾಕೊಲೇಟ್ ಕರಗಿಸಿ ಕೆಳಗಿಳಿಸಿ. ಬೆರಳಿಟ್ಟರೆ ಬೆಚ್ಚಗೆನ್ನಿಸುವಷ್ಟು ಆರಿದ ಮೇಲೆಯೇ ಸಕ್ಕರೆ, ಮೊಟ್ಟೆ ಸೇರಿಸಬೇಕು. ಅವಸರಪಟ್ಟರೆ ಮೊಟ್ಟೆ ಅಲ್ಲೇ ಒಡೆದು ಗಂಟಾಗುತ್ತದೆ. ಮೈದಾ ಹಾಕಿದ ಮೇಲೆ ಹೆಚ್ಚು ತಿರುವಬಾರದು. 175 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾದ ಓವನ್ನಿನಲ್ಲಿ 20ರಿಂದ 25 ನಿಮಿಷ.

ಸೋಲು ಗೆಲುವು ತೆಗೆಯುವ ಗಳಿಗೆಯಲ್ಲಿದೆ. ಕೇಕಿಗೆ ಕಡ್ಡಿ ಚುಚ್ಚಿದರೆ ಸ್ವಚ್ಛವಾಗಿ ಬರಬೇಕು. ಬ್ರೌನಿಗೆ ಹಾಗೆ ಬಂದರೆ ಕೆಟ್ಟಿತೆಂದೇ ಅರ್ಥ. ಅಂಚು ಕಟ್ಟಿ, ನಡುಭಾಗ ತುಸು ಅಲುಗುತ್ತಿರುವಾಗ, ಕಡ್ಡಿಗೆ ಒದ್ದೆ ಪುಡಿ ಹತ್ತುವಾಗಲೇ ತೆಗೆಯಬೇಕು. ಓವನ್ನಿನಿಂದ ಹೊರಬಂದ ಮೇಲೂ ಬೀಡಿನ ಬಾಣಲೆ ತನ್ನ ಕಾವಿನಿಂದಲೇ ಬೇಯಿಸುತ್ತಾ ಇರುತ್ತದೆ. ತೆಳು ತಗಡಿನ ತಟ್ಟೆಯ ಲೆಕ್ಕ ಹಿಡಿದು ಕೂತವರಿಗೆ ಇಟ್ಟಿಗೆ ಸಿಗುತ್ತದೆ. ಮೈಸೂರುಪಾಕು ಮಾಡಿ ಅನುಭವವಿರುವ ಕೈಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲೂ ಒಲೆಯಿಂದ ಇಳಿಸುವುದು ಒಂದು ಗಳಿಗೆ ತಡವಾದರೆ ಕಲ್ಲು. ಮೊಟ್ಟೆ ತಿನ್ನದವರು ಅರ್ಧ ಬಟ್ಟಲು ಗಟ್ಟಿ ಮೊಸರು ಬಳಸಬಹುದು, ರುಚಿ ಕೆಡದು. ಆದರೆ ಆಗ ಕೇಕಿನ ಗುಣ ತುಸು ಹೆಚ್ಚು.

ಓವನ್ ಇಲ್ಲದವರ ಪಾಡೇನು? ಕುಕ್ಕರಿನ ತಳಕ್ಕೆ ಮರಳು ಹಾಕಿ ಕೇಕು ಬೇಯಿಸುವ ಉಪಾಯ ಬೆಂಗಳೂರಿನ ಅಡುಗೆಮನೆಗಳಲ್ಲಿ ಹಳೆಯದು. ಹಳೇ ಕುಕ್ಕರಾದರೆ ಸರಿ, ರಬ್ಬರು ಪಟ್ಟಿಯನ್ನೂ ಸೀಟಿಯ ತೂಕವನ್ನೂ ತೆಗೆದಿಡುವುದನ್ನು ಮರೆಯಬಾರದು. ಬಾಣಲೆಗಾದರೆ ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಲಿಟ್ಟು, ಅದರ ಮೇಲೆ ಬಾಣಲೆ ಕೂರಿಸಿ, ಮುಚ್ಚಳ ಮುಚ್ಚಿದರೆ ಮುಕ್ಕಾಲು ಗಂಟೆಯೊಳಗೆ ಬೇಯುತ್ತದೆ. ಕೊರತೆ ಒಂದೇ: ಕಾವೆಲ್ಲ ಕೆಳಗಿನಿಂದ ಬರುವುದರಿಂದ ಮೇಲೆ ಬಿರಿದ ಹೊಳಪಿನ ಪದರ ಕಟ್ಟುವುದಿಲ್ಲ. ಕರಾವಳಿಯ ಹಳೇ ಅಡುಗೆಮನೆಗಳಲ್ಲಿ ಸೌತೆಕಾಯಿಯ ತವಸಳಿ ಬೇಯಿಸುವವರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ.

ಕೊನೆಗೊಂದು ಎಚ್ಚರಿಕೆ. ತಿಂದಾದ ಮೇಲೆ ಬಾಣಲೆಯನ್ನು ಬಚ್ಚಲಲ್ಲಿ ನೆನೆಹಾಕಬೇಡಿ, ತುಕ್ಕು ಹಿಡಿಯುತ್ತದೆ. ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿಡಿ. ಮತ್ತೆ ಅದೇ ಬಾಣಲೆಯಲ್ಲಿ ಮರುದಿನ ಬೆಳಿಗ್ಗೆ ದೋಸೆ ಹೊಯ್ಯಲು ಹೋಗಬೇಡಿ. ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಕ್ಕರೆ ಉಳಿದಿದ್ದರೂ ಮೊದಲ ನಾಲ್ಕು ದೋಸೆ ಏಳುವುದಿಲ್ಲ.